ಡಿಸೈನ್ ಕೆಲಸಕ್ಕೆ ನಾನು ಮಿನಿ ಪಿಸಿ ಆರಿಸಿದ ಬಗೆ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಸಣ್ಣ ಡಿಸೈನ್ ಕೋಣೆ ಇದೆ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಕಂಬಳದ ಫ್ಲೆಕ್ಸ್, ಎಲ್ಲ ಅಲ್ಲೇ. 2025ರ ಮಳೆಗಾಲದಲ್ಲಿ ಹಳೆಯ ಟವರ್ ಕಂಪ್ಯೂಟರ್ ಕೈಕೊಟ್ಟಿತು. ಪ್ರತಿ ಮಳೆಗಾಲವೂ ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ ಹಾಕಿದರೆ ಏಳುತ್ತಿತ್ತು. ಈ ಸಲ ಏಳಲಿಲ್ಲ. ಬೋರ್ಡಿಗೆ ಹಸಿರು ಕಿಲುಬು ಹಿಡಿದಿತ್ತು. ತುಳುವರ ಆಟಿ ತಿಂಗಳು, ಕೆಲಸ ಕಡಿಮೆ. ಆದರೆ ಕೃಷ್ಣಾಷ್ಟಮಿ ಹತ್ತಿರ ಬಂದರೆ ಹುಲಿವೇಷ ತಂಡಗಳ ಫ್ಲೆಕ್ಸಿನಿಂದ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅಷ್ಟರೊಳಗೆ ಹೊಸದು ಬರಲೇಬೇಕಿತ್ತು.

ಮೇಜು ಸಣ್ಣದು. ಹಾಗಾಗಿ ಪುಟ್ಟ ಡಬ್ಬದಂಥ ಕಂಪ್ಯೂಟರ್, ಅಂದರೆ ಮಿನಿ ಪಿಸಿಯೇ ಬೇಕು ಅಂದುಕೊಂಡಿದ್ದೆ. ಮೊದಲು ನೋಡಿದ್ದು ಆಪಲ್‌ನ ಎಂ4 ಮ್ಯಾಕ್ ಮಿನಿ. 2024ರ ನವೆಂಬರಿನಲ್ಲಿ ಬಂದದ್ದು, ಸುಮಾರು 5 ಇಂಚು ಚೌಕ, ಕನಿಷ್ಠ 16 ಜಿಬಿ ಮೆಮೊರಿ. ತುಂಬಾ ಒಳ್ಳೆಯ ಯಂತ್ರ. ಆದರೆ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಅಕ್ಷರದ್ದು. ನಾನು ಡಿಸೈನ್ ಮಾಡುವ ತಂತ್ರಾಂಶ ಕೋರೆಲ್‌ಡ್ರಾ ಮ್ಯಾಕ್‌ಗೂ ಸಿಗುತ್ತದೆ, ನಿಜ. ನಾನು ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶ ಮಾತ್ರ ವಿಂಡೋಸಿನದ್ದು. ನನ್ನ ಹಳೆಯ ಫೈಲುಗಳ ಕನ್ನಡ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಅದು. ಒಂದು ಒತ್ತು ಜಾರಿದರೂ ಆಮಂತ್ರಣದಲ್ಲಿ ದೈವದ ಹೆಸರೇ ತಪ್ಪಾಗುತ್ತದೆ. ಹಾಗಾಗಬಾರದು, ಅಲ್ವಾ? ವಿಂಡೋಸ್ ಮಿನಿ ಪಿಸಿಯೇ ಸರಿ ಅನ್ನಿಸಿತು.

ಎಷ್ಟು ಮೆಮೊರಿ ಬೇಕು ಅಂತ ನನ್ನ ಫೈಲನ್ನೇ ಇಟ್ಟು ಲೆಕ್ಕ ಹಾಕಿದೆ. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್. ಇಂಚಿಗೆ 72 ಪಿಕ್ಸೆಲ್ ಇಟ್ಟರೂ 17,280 ಗುಣಿಸು 8,640, ಅಂದರೆ ಸುಮಾರು 15 ಕೋಟಿ ಪಿಕ್ಸೆಲ್. ಪ್ರಿಂಟಿನ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್. ತುಂಬಿದ ಒಂದೇ ಲೇಯರ್‌ಗೆ ಹತ್ತಿರಹತ್ತಿರ 600 ಎಂಬಿ. ಹುಲಿ, ಪ್ರಭಾವಳಿ, ದೇವಸ್ಥಾನದ ಗೋಪುರ ಅಂತ ಹತ್ತು ಲೇಯರ್ ಸೇರಿದರೆ 6 ಜಿಬಿ, ಅದರ ಮೇಲೆ ವಿಂಡೋಸ್, ತಿದ್ದಿದ್ದನ್ನು ಹಿಂದಕ್ಕೆ ತರಲು ಉಳಿಯುವ ಪ್ರತಿಗಳು, ಎಲ್ಲ ಸೇರಿ 16 ಜಿಬಿ ಸಾಲದು. 32 ಅಂತ ತೀರ್ಮಾನ ಮಾಡಿದೆ.

ಪೆನ್‌ಡ್ರೈವಿನಲ್ಲಿ ಅದೇ ಫೈಲ್ ಹಾಕಿಕೊಂಡು ಅಂಗಡಿಗೆ ಹೋದೆ. ಎಂಟು ಕೋರ್‌ನ ರೈಜನ್ ಪ್ರೊಸೆಸರ್ ಇರುವ ಡಬ್ಬ ತೋರಿಸಿದರು. ಒಳಗೆ ಒಂದೇ 16 ಜಿಬಿ ಮೆಮೊರಿ ಕಡ್ಡಿ ಇತ್ತು. ಇಂಥ ಡಬ್ಬದಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸಿಗೆ ಬೇರೆ ಕಾರ್ಡ್ ಇರುವುದಿಲ್ಲ, ಅದು ಇದೇ ರ‍್ಯಾಮ್ ಬಳಸುತ್ತದೆ. ಒಂದೇ ಕಡ್ಡಿ ಇದ್ದರೆ ಮಾಹಿತಿ ಓಡಾಡಲು ಒಂದೇ ದಾರಿ. 16ರ ಎರಡು ಕಡ್ಡಿ ಹಾಕಿಸಿದೆ. ಫೈಲ್ ಹಿಗ್ಗಿಸಿ ಸರಿಸಿದಾಗ ಆದ ವ್ಯತ್ಯಾಸ ಅಲ್ಲೇ ಕಣ್ಣಿಗೆ ಕಂಡಿತು. ಮಿನಿ ಪಿಸಿ ಕೊಳ್ಳುವವರು ಪ್ರೊಸೆಸರ್ ಹೆಸರಿಗಿಂತ, ಕಡ್ಡಿ ಒಂದೋ ಎರಡೋ ಅನ್ನುವುದನ್ನು ಮೊದಲು ಕೇಳಿ.

ಟವರ್ ಕೊಳ್ಳದೆ ಉಳಿದ ದುಡ್ಡನ್ನು ಪರದೆಗೆ ಹಾಕಿದೆ. 27 ಇಂಚಿನ, ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಪರದೆ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ಶ್ರೇಣಿಯನ್ನು ಪೂರ್ತಿ ತೋರಿಸುವಂಥದ್ದು. ಬಣ್ಣ ತಪ್ಪಿದರೆ ಗಿರಾಕಿ ಕಂಪ್ಯೂಟರನ್ನು ಬೈಯುವುದಿಲ್ಲ, ನಮ್ಮನ್ನೇ ಬೈಯುತ್ತಾರೆ.

ಡಬ್ಬವನ್ನು ಪರದೆಯ ಬೆನ್ನಿಗೆ ಕಟ್ಟಲಿಲ್ಲ. ನಮ್ಮ ಸೆಕೆಗೆ ಆ ಪುಟ್ಟ ಫ್ಯಾನು ಗಾಳಿ ಇಲ್ಲದೆ ಒದ್ದಾಡುತ್ತದೆ. ಗೋಡೆಯಿಂದ ಅರ್ಧ ಅಡಿ ದೂರ ಮೇಜಿನ ಮೇಲೆ ನಿಲ್ಲಿಸಿದ್ದೇನೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಸುಮ್ನೆ ಆನ್ ಮಾಡಿಡುತ್ತೇನೆ, ಒಳಗಿನ ತೇವ ಆರುತ್ತದೆ. ಯುಪಿಎಸ್ ಇದೆ, ಕರೆಂಟು ಹೋದರೆ ಫೈಲ್ ಉಳಿಸಿಕೊಳ್ಳಲು ಸಮಯ ಸಿಗುತ್ತದೆ. ಗುಡುಗು ಕೇಳಿದ ಕೂಡಲೇ ಮಾತ್ರ ಪ್ಲಗ್ ಕೀಳುತ್ತೇನೆ, ಇಂಟರ್ನೆಟ್ ಕೇಬಲ್ ಕೂಡ. ಸಿಡಿಲಿಗೆ ಅದೂ ಒಂದು ದಾರಿ.

ಅಷ್ಟಮಿಯ ಮುನ್ನಾ ವಾರ ಡಬ್ಬವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಂಗಳೂರಿನ ಪ್ರೆಸ್ಸಿಗೆ ಹೋದೆ. ಅಲ್ಲಿನ ಪರದೆಗೆ ಸಿಕ್ಕಿಸಿ, ಪ್ರಿಂಟ್ ಬರುತ್ತಿದ್ದ ಹಾಗೇ ಹುಲಿಯ ಹಳದಿ ತಿದ್ದಿದೆ. ಮೂರನೇ ತುಂಡಿಗೆ ಬೇಕಾದ ಬಣ್ಣ ಸಿಕ್ಕಿತು.