ಬ್ಯಾಕಪ್ ವಿಫಲವಾದಾಗ ಮೊದಲು ನೋಡಬೇಕಾದದ್ದು

ಬ್ಯಾಕಪ್ ಅರ್ಧಕ್ಕೆ ನಿಂತರೆ, ಅದನ್ನು ಮತ್ತೆ ಮತ್ತೆ ಆರಂಭಿಸುವ ಮೊದಲು ತಂತ್ರಾಂಶದ ಲಾಗ್ (ನಡೆದ ಕೆಲಸದ ದಾಖಲೆ) ತೆರೆದು, ಯಾವ ಕಡತದ ಬಳಿ, ಯಾವ ದೋಷಸಂದೇಶದೊಂದಿಗೆ ಕೆಲಸ ನಿಂತಿತೆಂದು ಓದಿಕೊಳ್ಳಿ. ಡಿಸ್ಕಿನಲ್ಲಿ ಜಾಗವಿದ್ದರೂ ದೊಡ್ಡ ಕಡತಗಳು ಮಾತ್ರ ನಕಲಾಗುತ್ತಿಲ್ಲವಾದರೆ, ಆ ಡಿಸ್ಕ್ ಫ್ಯಾಟ್32 ಎಂಬ, ಕಡತಗಳನ್ನು ಜೋಡಿಸಿಡುವ ವಿನ್ಯಾಸದಲ್ಲಿರುವ ಸಾಧ್ಯತೆ ಹೆಚ್ಚು. ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತವನ್ನು ಇಡಲಾಗದು, ಆದ್ದರಿಂದ ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು ಡಿಸ್ಕನ್ನು ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಬೇಕು. ಸಂಪರ್ಕ ಕಡಿದುಹೋಗುತ್ತಿದ್ದರೆ ಕೇಬಲ್ ಬದಲಿಸಿ ನೋಡಿ.

ದೀರ್ಘಕಾಲದ ಸಂಗ್ರಹಕ್ಕೆ ಪೆನ್‌ಡ್ರೈವನ್ನು ನಾನು ಖಂಡಿತ ಸೂಚಿಸುವುದಿಲ್ಲ, ಏಕೆಂದರೆ ಬಳಸದೆ ವರ್ಷಗಟ್ಟಲೆ ಇಟ್ಟ ಫ್ಲ್ಯಾಶ್ ಮೆಮೊರಿಯಲ್ಲಿ ವಿದ್ಯುದಂಶ ಸೋರಿ ದತ್ತಾಂಶ ಅಳಿಯಬಹುದು. ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ತಿಂಗಳಿಗೊಮ್ಮೆ ಕೆಲವು ಕಡತಗಳನ್ನು ಮರಳಿ ಪಡೆದು, ತೆರೆದೇ ನೋಡಿ.