ಸಾಂಪ್ರದಾಯಿಕ ಹಾಟ್ ರಾಡ್‌ಗೆ ಕ್ಯಾಮ್‌ಶಾಫ್ಟ್ ಮತ್ತು ಎಂಜಿನ್ ಭಾಗಗಳನ್ನು ಆರಿಸುವ ಕ್ರಮ

ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು, ಕಟ್ಟಲು ಹೊರಟವರಲ್ಲಿ ಅನೇಕರು ಮೊದಲು ಕೊಳ್ಳುವುದು ಕ್ಯಾಮ್‌ಶಾಫ್ಟನ್ನು. ಆದರೆ ಉಳಿದೆಲ್ಲ ಭಾಗಗಳು ತೀರ್ಮಾನವಾದ ಮೇಲೆ ಕೊನೆಯಲ್ಲಿ ಆರಿಸಬೇಕಾದದ್ದು ಅದನ್ನೇ. ವಾಲ್ವ್‌ಗಳು ಯಾವಾಗ ತೆರೆಯಬೇಕು, ಎಷ್ಟು ಮೇಲೇಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಕ್ಯಾಮ್ ನಿರ್ಧರಿಸುತ್ತದೆ ನಿಜ. ಆದರೆ ಆ ನಿರ್ಧಾರ ನಮ್ಮ ಕಾರಿಗೆ ಒಪ್ಪುತ್ತದೆಯೇ ಇಲ್ಲವೇ ಎಂಬುದು ಕಾರಿನ ತೂಕ, ಹಿಂದಿನ ಆಕ್ಸಲ್‌ನ ಗೇರ್ ಅನುಪಾತ, ಟೈರಿನ ಎತ್ತರ, ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಅನುಪಾತ) ಮತ್ತು ಕಾರ್ಬ್ಯುರೇಟರ್‌ಗಳ ಮೇಲೆ ನಿಂತಿದೆ. ಆದ್ದರಿಂದ ಮೊದಲು ಈ ಐದನ್ನೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಅವು ಗೊತ್ತಿಲ್ಲದೆ ಯಾವ ಕ್ಯಾಮ್ ತಯಾರಕರೂ ನಿಮಗೆ ಸರಿಯಾದ ಸಲಹೆ ಕೊಡಲಾರರು.

ಇಲ್ಲಿ ಸಾಂಪ್ರದಾಯಿಕ ಎಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್‌ಗಳಂಥ ಒಣ ಸರೋವರಗಳ ಮೇಲೆ ಓಡಿದ ಕಾರುಗಳಿಂದ ಹಿಡಿದು 1960ರ ದಶಕದ ಮಧ್ಯದವರೆಗಿನ ರೂಢಿ. ಅದರ ಮೂಲ ಎಂಜಿನ್ 1932ರಲ್ಲಿ ಬಂದ, ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಫೋರ್ಡ್ ಫ್ಲಾಟ್‌ಹೆಡ್ ವಿ8. ಅನಂತರ 1949ರ ಓಲ್ಡ್ಸ್‌ಮೊಬೈಲ್ 303 ಮತ್ತು ಕ್ಯಾಡಿಲಾಕ್ 331, 1951ರ ಕ್ರೈಸ್ಲರ್ ಹೆಮಿ, 1955ರ ಶೆವ್ರೊಲೆ 265 ಸೇರಿಕೊಂಡವು (ಹೆಸರಿನ ಜೊತೆಗಿರುವ ಸಂಖ್ಯೆ ಎಂಜಿನ್ನಿನ ಗಾತ್ರ, ಘನ ಇಂಚುಗಳಲ್ಲಿ). ಒಂದೇ ಕಾಲದ ಭಾಗಗಳನ್ನು ಒಟ್ಟಿಗೆ ಬಳಸುವುದು ನೋಟಕ್ಕಷ್ಟೇ ಒಳ್ಳೆಯದಲ್ಲ, ಅವು ಪರಸ್ಪರ ಹೊಂದಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಆದರೆ ಆ ಕಾಲದ ರೇಸ್ ಎಂಜಿನ್ ಬೇರೆ, ಆ ಕಾಲದ ರಸ್ತೆ ಎಂಜಿನ್ ಬೇರೆ ಎಂಬುದನ್ನು ಮರೆಯಬಾರದು.

ಫ್ಲಾಟ್‌ಹೆಡ್ ಕಟ್ಟುವವರು ಬ್ಲಾಕಿನಿಂದಲೇ ಆರಂಭಿಸಬೇಕು. 1932ರ ಎಂಜಿನ್ 221 ಘನ ಇಂಚಿನದು. 1939ರ ಮರ್ಕ್ಯುರಿಯಲ್ಲಿ 239 ಬಂತು, ಯುದ್ಧದ ನಂತರ 1946ರಿಂದ ಫೋರ್ಡ್ ಕಾರುಗಳಿಗೂ ಅದೇ ಬಂತು. ಯುದ್ಧದ ನಂತರದ ಈ ಎಂಜಿನ್ನನ್ನು 59ಎ ಸರಣಿ ಎನ್ನುತ್ತಾರೆ. 1949ರಿಂದ 1953ರವರೆಗಿನ ಫೋರ್ಡ್ ಎಂಜಿನ್ 8ಬಿಎ ಎಂದು ಹೆಸರಾಗಿದೆ. ಇವುಗಳಲ್ಲಿ ಯಾವುದು ಸಿಕ್ಕರೂ ಒಂದು ರೂಪಾಯಿಯ ಭಾಗವನ್ನು ಕೊಳ್ಳುವ ಮೊದಲು ಬ್ಲಾಕನ್ನು ಸಂಪೂರ್ಣವಾಗಿ ತೊಳೆಸಿ, ಮ್ಯಾಗ್ನೆಟಿಕ್ ಪರೀಕ್ಷೆಯಿಂದ ಬಿರುಕುಗಳನ್ನು ನೋಡಿಸಿ. ಈ ಎಂಜಿನ್ನಿನಲ್ಲಿ ಬಿಸಿ ಹೊಗೆ ಬ್ಲಾಕಿನ ಒಳಗೇ ಹಾದು ಹೊರಗೆ ಹೋಗುವುದರಿಂದ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಮತ್ತು ಹೆಡ್ ಬೋಲ್ಟಿನ ರಂಧ್ರಗಳ ಸುತ್ತ ಬಿರುಕು ಕಾಣಿಸಿಕೊಳ್ಳುವುದು ಸಾಮಾನ್ಯ. ಬೋಲ್ಟ್ ರಂಧ್ರದಿಂದ ಹೊರಟ ಸಣ್ಣ ಬಿರುಕನ್ನು ಹೆಚ್ಚಾಗಿ ಸರಿಪಡಿಸಬಹುದು. ವಾಲ್ವ್ ಸೀಟಿನಿಂದ ಸಿಲಿಂಡರಿನ ಗೋಡೆಯೊಳಗೆ ಇಳಿದದ್ದಾದರೆ ಬೇರೆ ಬ್ಲಾಕ್ ಹುಡುಕುವುದು ಲೇಸು.

ಶಕ್ತಿ ಹೆಚ್ಚಿಸಲು ಅತ್ಯಂತ ನಂಬಿಕೆಯ ಮಾರ್ಗ ಕ್ಯಾಮ್ ಅಲ್ಲ, ಕ್ರ್ಯಾಂಕ್. 1949ರಿಂದ 1953ರ ಮರ್ಕ್ಯುರಿಯ ಕ್ರ್ಯಾಂಕ್‌ಶಾಫ್ಟಿನ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 4 ಇಂಚು, ಫೋರ್ಡಿನದು 3.75 ಇಂಚು. ಬೋರನ್ನು, ಅಂದರೆ ಸಿಲಿಂಡರಿನ ವ್ಯಾಸವನ್ನು, 3 5/16 ಇಂಚಿಗೆ ಹಿಗ್ಗಿಸಿ ಮರ್ಕ್ಯುರಿ ಕ್ರ್ಯಾಂಕ್ ಕೂರಿಸಿದರೆ 276 ಘನ ಇಂಚು ಆಗುತ್ತದೆ. ರಸ್ತೆಯ ಕಾರಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲವೆಂದೇ ನನ್ನ ಅಭಿಪ್ರಾಯ. ಇಲ್ಲಿ ಎರಡು ಎಚ್ಚರ ಬೇಕು. ಸ್ಟ್ರೋಕ್ ಕಾಲು ಇಂಚು ಹೆಚ್ಚಾದಾಗ ಪಿಸ್ಟನ್ ಮೇಲ್ತುದಿಯಲ್ಲಿ 1/8 ಇಂಚು ಎತ್ತರಕ್ಕೆ ಬರುವುದರಿಂದ ರಾಡಿಗೆ ಜೋಡಿಸುವ ಪಿನ್ನಿನ ಸ್ಥಾನ ಅಷ್ಟೇ ಮೇಲಿರುವ ಪಿಸ್ಟನ್ ಬೇಕು. ಹಾಗೆಯೇ, 1948ರವರೆಗಿನ ಎಂಜಿನ್‌ಗಳಲ್ಲಿ ಎರಡು ಕನೆಕ್ಟಿಂಗ್ ರಾಡ್‌ಗಳು ಒಂದೇ ತೇಲುವ ಬೇರಿಂಗನ್ನು ಹಂಚಿಕೊಂಡರೆ, 1949ರಿಂದ ಪ್ರತಿ ರಾಡಿಗೂ ಅದರದೇ ಬೇರಿಂಗ್ ಇದೆ. ರಾಡು ಮತ್ತು ಬೇರಿಂಗುಗಳನ್ನು ಬೆರಕೆ ಮಾಡದೆ ಒಂದೇ ಜಾತಿಯ ಪೂರ್ಣ ಸೆಟ್ಟನ್ನು ಬಳಸಬೇಕು.

ಹೆಡ್ ಆರಿಸುವಾಗ ಫ್ಲಾಟ್‌ಹೆಡ್ಡಿನ ಹುಟ್ಟುಗುಣ ಎದುರಾಗುತ್ತದೆ. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಕಾರಣ ಗಾಳಿ ಮೇಲೆದ್ದು, ಅಡ್ಡ ಹರಿದು, ಸಿಲಿಂಡರಿಗೆ ಇಳಿಯಬೇಕು. ಕಂಪ್ರೆಷನ್ ಹೆಚ್ಚಿಸಲೆಂದು ಹೆಡ್ಡಿನ ಒಳಗಿನ ಜಾಗವನ್ನು ಕುಗ್ಗಿಸಿದಷ್ಟೂ ಆ ಅಡ್ಡದಾರಿ ಕಿರಿದಾಗುತ್ತದೆ. ಅದನ್ನು ಅಗಲಿಸಿದಷ್ಟೂ ಕಂಪ್ರೆಷನ್ ಇಳಿಯುತ್ತದೆ. ಎಡೆಲ್‌ಬ್ರಾಕ್, ಆಫೆನ್‌ಹೌಸರ್, ನವಾರೊ ಮುಂತಾದವರ ಅಲ್ಯೂಮಿನಿಯಂ ಹೆಡ್‌ಗಳಲ್ಲಿ 8:1ರ ಆಸುಪಾಸಿನ ಅನುಪಾತ ರಸ್ತೆಗೆ ಸಾಕು. ಹಿಂದೆ ವಾಲ್ವ್ ಮತ್ತು ಬೋರಿನ ನಡುವಿನ ಬ್ಲಾಕಿನ ಮೇಲ್ಮೈಯನ್ನು ಕೆತ್ತಿ ದಾರಿ ಮಾಡುವ ಪದ್ಧತಿ ಇತ್ತು. ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇದ್ದರೆ ಅದಕ್ಕೆ ಅರ್ಥವಿದೆ; ಇಲ್ಲದಿದ್ದರೆ ಆ ಶ್ರಮವನ್ನು ಪೋರ್ಟ್‌ಗಳನ್ನು ನಯಗೊಳಿಸಲು, ವಾಲ್ವ್ ಸೀಟಿನ ಕೆಳಗಿನ ತಿರುವನ್ನು ಸುಗಮಗೊಳಿಸಲು ಖರ್ಚು ಮಾಡುವುದು ಉತ್ತಮ.

ಕಾರ್ಬ್ಯುರೇಟರ್ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರಿನ ವೆಂಚುರಿ (ಗಾಳಿ ಹಾಯುವ ಕಿರಿದಾದ ಕೊರಳು) 31/32 ಇಂಚು, ಅಂದರೆ ಸುಮಾರು 0.97 ಇಂಚು. 239ಕ್ಕೆ ಎರಡು ಸಾಕು, ಹಿಗ್ಗಿಸಿದ 276ಕ್ಕೆ ಮೂರು ಹಾಕಿದರೂ ನಡೆಯುತ್ತದೆ. ಇಂಧನದ ಒತ್ತಡ 3 ಪಿಎಸ್‌ಐ ದಾಟಿದರೆ ಇವುಗಳ ಸೂಜಿ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಒತ್ತಡ ನಿಯಂತ್ರಕ ಅಗತ್ಯ. ಜೊತೆಗೆ, 8ಬಿಎ ಎಂಜಿನ್ನಿನ ಮೂಲ ಡಿಸ್ಟ್ರಿಬ್ಯೂಟರಿನಲ್ಲಿ ಕಿಡಿಯ ಟೈಮಿಂಗನ್ನು ಮುಂಚಿತಗೊಳಿಸುವ ಕೆಲಸವೆಲ್ಲ ಅದರದೇ ಕಾರ್ಬ್ಯುರೇಟರ್ ಕಳಿಸುವ ನಿರ್ವಾತವನ್ನು ಅವಲಂಬಿಸಿದೆ. ಆ ಕಾರ್ಬ್ಯುರೇಟರನ್ನು ತೆಗೆದು ಸ್ಟ್ರಾಂಬರ್ಗ್ ಹಾಕಿದ ಕೂಡಲೇ ಆ ಸಂಕೇತ ತಪ್ಪಿಹೋಗುತ್ತದೆ. ಎಂಜಿನ್ ಜಡವಾಗಿ, ಬಿಸಿಯಾಗಿ ಓಡುತ್ತದೆ, ಮಾಲೀಕರು ಕ್ಯಾಮನ್ನು ಬೈಯುತ್ತಾರೆ. ಟೈಮಿಂಗನ್ನು ಯಾಂತ್ರಿಕವಾಗಿ ಮುಂಚಿತಗೊಳಿಸುವ ಡಿಸ್ಟ್ರಿಬ್ಯೂಟರ್ ಹಾಕಿದರೆ ಈ ದೂರು ಹೋಗುತ್ತದೆ.

ಇಷ್ಟಾದ ಮೇಲೆ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತದೆ ಎಂಬ ಲೆಕ್ಕ. ಗಂಟೆಗೆ ಮೈಲಿಗಳಲ್ಲಿ ಕಾರಿನ ವೇಗವನ್ನು ಆಕ್ಸಲ್ ಅನುಪಾತದಿಂದ ಮತ್ತು 336ರಿಂದ ಗುಣಿಸಿ, ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿದರೆ ಟಾಪ್ ಗೇರಿನ ಆರ್‌ಪಿಎಂ ಸಿಗುತ್ತದೆ. 29.5 ಇಂಚಿನ ಟೈರು, 3.78 ಅನುಪಾತ, 60 ಮೈಲಿ ವೇಗ ಎಂದಿಟ್ಟುಕೊಂಡರೆ ಸುಮಾರು 2,580. ಅದೇ ಕಾರಿಗೆ 4.11 ಇದ್ದರೆ ಸುಮಾರು 2,810. ಕಾರು ತನ್ನ ಆಯುಷ್ಯದ ಬಹುಪಾಲನ್ನು ಇಲ್ಲೇ ಕಳೆಯುತ್ತದೆ. 3,000ದ ಮೇಲೆ ಮಾತ್ರ ಎಚ್ಚರಗೊಳ್ಳುವ ಕ್ಯಾಮನ್ನು ಇಂಥ ಕಾರಿಗೆ ಹಾಕಿದರೆ ನಿಂತಲ್ಲಿ ಕೇಳುವ ಗಡಗಡ ಸದ್ದಿನ ಸುಖವೊಂದೇ ಉಳಿಯುತ್ತದೆ.

ಈಗ ಕ್ಯಾಮಿನ ಜೊತೆ ಬರುವ ಅಳತೆಗಳ ಕಾರ್ಡನ್ನು ಓದಬಹುದು. ಅದರಲ್ಲಿ ವಾಲ್ವ್ ಎಷ್ಟು ಡಿಗ್ರಿಗಳವರೆಗೆ ತೆರೆದಿರುತ್ತದೆ ಎಂಬ ಡ್ಯುರೇಷನ್ ಎರಡು ಬಗೆಯಲ್ಲಿ ಇರುತ್ತದೆ. ಜಾಹೀರಾತಿನ ಡ್ಯುರೇಷನ್ನನ್ನು ಒಬ್ಬೊಬ್ಬ ತಯಾರಕರು ಒಂದೊಂದು ಎತ್ತರದಿಂದ ಅಳೆಯುವುದರಿಂದ ಒಬ್ಬರ 260 ಡಿಗ್ರಿಯನ್ನು ಇನ್ನೊಬ್ಬರ 260ಕ್ಕೆ ಹೋಲಿಸುವಂತಿಲ್ಲ, ಲಿಫ್ಟರ್ (ಕ್ಯಾಮಿನ ಮೇಲೆ ಕೂತು ವಾಲ್ವನ್ನು ಎತ್ತುವ ಭಾಗ) 0.050 ಇಂಚು ಎದ್ದ ಬಿಂದುವಿನಿಂದ ಅಳೆದ ಡ್ಯುರೇಷನ್ನನ್ನೇ ಹೋಲಿಕೆಗೆ ಬಳಸಬೇಕು. ‘ಮುಕ್ಕಾಲು ರೇಸ್’, ‘ಪೂರ್ಣ ರೇಸ್’ ಎಂಬ ಹಳೆಯ ಹೆಸರುಗಳಿಗಂತೂ ಯಾವ ನಿಶ್ಚಿತ ಅಳತೆಯೂ ಇಲ್ಲ. ಸಂತೆಯಲ್ಲಿ ಹಳೆಯ ವಿನ್‌ಫೀಲ್ಡ್ ಅಥವಾ ಇಸ್ಕೆಂಡೇರಿಯನ್ ಕ್ಯಾಮ್ ಸಿಕ್ಕಿದರೆ ಹೆಸರನ್ನು ನಂಬಿ ಕೂರಿಸದೆ ಡಯಲ್ ಗೇಜಿನಿಂದ ಅಳೆಸಿ. ಇನ್‌ಟೇಕ್ ವಾಲ್ವ್ ಮುಚ್ಚುವ ಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಅದು ತಡವಾದಷ್ಟೂ ಮೇಲೇರುವ ಪಿಸ್ಟನ್ ಒಳಬಂದ ಗಾಳಿಯನ್ನೇ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಕಡಿಮೆ ಕಂಪ್ರೆಷನ್ ಇರುವ ಎಂಜಿನ್ನಿಗೆ ಉದ್ದ ಡ್ಯುರೇಷನ್ ಹಾಕಿದರೆ ಕೆಳಗಿನ ವೇಗದಲ್ಲಿ ಎಳೆತವೇ ಇರುವುದಿಲ್ಲ.

ಫ್ಲಾಟ್‌ಹೆಡ್ಡಿಗೆ ಇನ್ನೊಂದು ಮಿತಿ ಇದೆ. ಪ್ರತಿ ಬದಿಯ ನಡುವಿನ ಎರಡು ಸಿಲಿಂಡರ್‌ಗಳಿಗೆ ಒಂದೇ ಎಕ್ಸಾಸ್ಟ್ ಪೋರ್ಟ್. ಫೈರಿಂಗ್ ಕ್ರಮ 1-5-4-8-6-3-7-2. ಇದರಲ್ಲಿ ಪೋರ್ಟ್ ಹಂಚಿಕೊಂಡ 6 ಮತ್ತು 7ರ ನಡುವೆ ಇರುವುದು 180 ಡಿಗ್ರಿ ಅಂತರ ಮಾತ್ರ, 3 ಮತ್ತು 2ರ ನಡುವೆಯೂ ಅಷ್ಟೇ. 6ನೆಯ ಸಿಲಿಂಡರ್ ತನ್ನ ಹೊಗೆಯ ಕೊನೆಯ ಪಾಲನ್ನು ಹೊರಹಾಕುತ್ತಿರುವಾಗಲೇ 7ರ ಎಕ್ಸಾಸ್ಟ್ ವಾಲ್ವ್ ತೆರೆದು ಅದೇ ಪೋರ್ಟಿಗೆ ಜೋರಾದ ಒತ್ತಡವನ್ನು ಹೊಡೆಯುತ್ತದೆ. ಆ ಹೊತ್ತಿಗೆ 6ರ ಇನ್‌ಟೇಕ್ ವಾಲ್ವ್ ಕೂಡ ಬಾಯಿ ತೆರೆದಿದ್ದರೆ ಸುಟ್ಟ ಹೊಗೆ ಒಳಗೇ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಎರಡು ವಾಲ್ವ್‌ಗಳೂ ಒಟ್ಟಿಗೆ ತೆರೆದಿರುವ ಅವಧಿ, ಅಂದರೆ ಓವರ್‌ಲ್ಯಾಪ್, ಈ ಎಂಜಿನ್ನಿನಲ್ಲಿ ಮಿತವಾಗಿರಬೇಕು ಎನ್ನುವುದಕ್ಕೆ ಇದೇ ಕಾರಣ. ರೇಸಿನವರು ಪೋರ್ಟಿನೊಳಗೆ ತಡೆಗೋಡೆ ಕೂರಿಸುವುದೂ ಇದಕ್ಕಾಗಿಯೇ. ಕ್ಯಾಮಿನ ಎತ್ತುವಿಕೆಯನ್ನು ಹೆಚ್ಚಿಸಿ ವಾಲ್ವಿಗೆ ದಾಟಿಸುವ ರಾಕರ್ ಇಲ್ಲದ ಕಾರಣ ಕ್ಯಾಮ್ ಎತ್ತಿದಷ್ಟೇ ವಾಲ್ವ್ ಏಳುತ್ತದೆ. ರಸ್ತೆಯ ಎಂಜಿನ್ನಿಗೆ 0.35 ಇಂಚಿನ ಆಸುಪಾಸಿನ ಲಿಫ್ಟ್ ಸಾಕು.

ಹಳೆಯ ಕ್ಯಾಮನ್ನೇ ಮರುಗ್ರೈಂಡ್ ಮಾಡಿಸುವುದಾದರೆ ಲೋಬಿನ (ಕ್ಯಾಮಿನ ಮೇಲಿನ ಉಬ್ಬು) ತಳದ ವೃತ್ತ ಚಿಕ್ಕದಾಗುತ್ತದೆ. ಆಗ ಹೊಂದಾಣಿಕೆ ಸೌಲಭ್ಯವಿಲ್ಲದ ಮೂಲ ಲಿಫ್ಟರ್ ವಾಲ್ವಿನವರೆಗೆ ತಲುಪುವುದಿಲ್ಲ, ಹೊಂದಿಸಬಲ್ಲ ಲಿಫ್ಟರ್ ಬೇಕೇ ಬೇಕು. 1948ರವರೆಗಿನ ಡಿಸ್ಟ್ರಿಬ್ಯೂಟರ್ ಕ್ಯಾಮಿನ ಮೂತಿಯಿಂದ ನೇರವಾಗಿ ತಿರುಗುತ್ತದೆ, ಅನಂತರದ್ದು ಗೇರಿನಿಂದ ತಿರುಗುತ್ತದೆ. ಕ್ಯಾಮ್ ತರಿಸುವಾಗ ನಿಮ್ಮದು ಯಾವುದು ಎಂದು ಹೇಳಲೇಬೇಕು.

1955ರ 265ರಿಂದ ಶುರುವಾದ ಶೆವ್ರೊಲೆ ಸ್ಮಾಲ್ ಬ್ಲಾಕ್ ಇಷ್ಟು ತಕರಾರಿನದಲ್ಲ. 283 ಅಥವಾ 327 ಹಗುರವಾದ ಮಾಡೆಲ್ ಎ ರೋಡ್‌ಸ್ಟರಿಗೆ ಯಥೇಚ್ಛ. ಲೋಬಿನ ಎತ್ತರವನ್ನು ರಾಕರಿನ 1.5 ಅನುಪಾತದಿಂದ ಗುಣಿಸಿದರೆ ವಾಲ್ವ್ ಲಿಫ್ಟ್ ಸಿಗುತ್ತದೆ. ಸಾಲಿಡ್ ಲಿಫ್ಟರಿನ (ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳದ್ದು) ಟಿಕಟಿಕ ಸದ್ದು ಆ ಕಾಲದ ಸದ್ದೇ. ಅದು ಬೇಕೆಂದರೆ ಶೆವ್ರೊಲೆ ಎಂಜಿನಿಯರ್ ಡಂಟೋವ್ ಅವರ ‘097’ ಮಾದರಿಯ ಕ್ಯಾಮ್ ಇಂದಿಗೂ ಒಳ್ಳೆಯ ಆಯ್ಕೆ, ಏಕೆಂದರೆ ಅದರ ಲಿಫ್ಟ್ ಸುಮಾರು 0.4 ಇಂಚು ಮಾತ್ರ ಇರುವುದರಿಂದ ಸ್ಪ್ರಿಂಗ್‌ಗಳ ಮೇಲೆ ಅತಿಯಾದ ಭಾರ ಬೀಳುವುದಿಲ್ಲ. ಎಚ್ಚರವಿರಬೇಕಾದದ್ದು 1955 ಮತ್ತು 1956ರ 265 ಬ್ಲಾಕಿನ ಬಗ್ಗೆ. ಅದರಲ್ಲಿ ಲಿಫ್ಟರ್‌ಗಳಿಗೆ ಎಣ್ಣೆ ಹೋಗುವುದು ಕ್ಯಾಮಿನ ಹಿಂದಿನ ಜರ್ನಲಿನಲ್ಲಿ (ಬೇರಿಂಗಿನೊಳಗೆ ತಿರುಗುವ ಭಾಗ) ತೋಡಿದ ಗ್ರೂವ್ ಮೂಲಕ. ಗ್ರೂವ್ ಇಲ್ಲದ ನಂತರದ ಕಾಲದ ಕ್ಯಾಮ್ ಹಾಕಿದರೆ ಎಣ್ಣೆಯ ದಾರಿಯೇ ಮುಚ್ಚಿಹೋಗುತ್ತದೆ. 1955ರ ಬ್ಲಾಕಿನಲ್ಲಿ ಎಣ್ಣೆ ಫಿಲ್ಟರಿಗೂ ಸ್ಥಳವಿಲ್ಲ.

ಬ್ಯೂಕ್ ಕಂಪನಿಯ ವಿ8 ಎಂಜಿನ್ ನೇಲ್‌ಹೆಡ್ಡಿನ ಎಕ್ಸಾಸ್ಟ್ ವಾಲ್ವ್ ಚಿಕ್ಕದು, ಅದಕ್ಕೆ ಎಕ್ಸಾಸ್ಟ್ ಬದಿಯ ಡ್ಯುರೇಷನ್ ಹೆಚ್ಚಿರುವ ಕ್ಯಾಮ್ ಒಪ್ಪುತ್ತದೆ. 6-71 ಎಂಬ ಸೂಪರ್‌ಚಾರ್ಜರ್ (ಬ್ಲೋವರ್) ಹಾಕುವವರು ಲೋಬ್‌ಗಳ ನಡುವಿನ ಕೋನ 112ರಿಂದ 114 ಡಿಗ್ರಿ ಇರುವ ಕ್ಯಾಮ್ ಕೇಳಬೇಕು; ಇಲ್ಲವಾದರೆ ತುಂಬಿದ ಮಿಶ್ರಣ ಓವರ್‌ಲ್ಯಾಪಿನಲ್ಲಿ ಹಾಗೆಯೇ ಹೊರಗೆ ಹೋಗುತ್ತದೆ.

ಕ್ಯಾಮ್ ಕೈಗೆ ಬಂದ ಮೇಲೆ ಅದರ ತಯಾರಕರು ಹೇಳಿದ ಸ್ಪ್ರಿಂಗ್‌ಗಳನ್ನೇ ಹಾಕಿ. ವಾಲ್ವ್ ಪೂರ್ತಿ ತೆರೆದಾಗಲೂ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗುವ ಮುನ್ನ ಒಟ್ಟು 0.060 ಇಂಚಿನಷ್ಟು ಅಂತರ ಉಳಿದಿರಬೇಕು. ಓವರ್‌ಹೆಡ್ ವಾಲ್ವ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲೆ ಜೇಡಿಮಣ್ಣಿನಂಥ ಮೆತ್ತನೆಯ ಮಾಡೆಲಿಂಗ್ ಕ್ಲೇ ಹಚ್ಚಿ, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಕ್ಲೇ ಎಷ್ಟು ತೆಳುವಾಯಿತು ಎಂದು ಕತ್ತರಿಸಿ ಅಳೆಯಬೇಕು. ಇನ್‌ಟೇಕ್ ಕಡೆ 0.080, ಎಕ್ಸಾಸ್ಟ್ ಕಡೆ 0.100 ಇಂಚಿಗಿಂತ ಕಡಿಮೆ ಇರಬಾರದು. ಫ್ಲಾಟ್‌ಹೆಡ್ಡಿನಲ್ಲಿ ವಾಲ್ವ್ ತಾಗುವುದು ಪಿಸ್ಟನ್ನಿಗಲ್ಲ, ಹೆಡ್ಡಿನ ಛಾವಣಿಗೆ. ಕ್ಲೇಯನ್ನು ವಾಲ್ವಿನ ತಲೆಯ ಮೇಲಿಡಬೇಕು.

ಟೈಮಿಂಗ್ ಗೇರಿನ ಗುರುತುಗಳನ್ನು ಕೂಡಿಸಿದ ಮಾತ್ರಕ್ಕೆ ಕ್ಯಾಮ್ ಸರಿಯಾಗಿ ಕೂತಿದೆ ಎಂದಲ್ಲ. ಕ್ರ್ಯಾಂಕಿನ ತುದಿಗೆ ಡಿಗ್ರಿ ಚಕ್ರ ಕಟ್ಟಿ, ಪಿಸ್ಟನ್ ಸ್ಟಾಪಿನ ಸಹಾಯದಿಂದ ನಿಜವಾದ ಮೇಲ್ತುದಿಯನ್ನು ಕಂಡುಕೊಳ್ಳಿ. ಅನಂತರ ಇನ್‌ಟೇಕ್ ಲಿಫ್ಟರಿನ ಮೇಲೆ ಡಯಲ್ ಗೇಜ್ ಇಟ್ಟು, ಗರಿಷ್ಠ ಎತ್ತರಕ್ಕಿಂತ 0.050 ಇಂಚು ಕೆಳಗಿನ ಬಿಂದುವನ್ನು ಏರುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಓದಿ. ಮೇಲ್ತುದಿ ದಾಟಿದ ಮೇಲೆ 70 ಮತ್ತು 146 ಡಿಗ್ರಿ ಬಂದರೆ ಅವುಗಳ ಸರಾಸರಿ 108. ಅದೇ ಇನ್‌ಟೇಕಿನ ಮಧ್ಯರೇಖೆ. ಕ್ರ್ಯಾಂಕನ್ನು ಸದಾ ಅದು ಓಡುವ ದಿಕ್ಕಿಗೇ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿ ಓದಿದರೆ ಗೇರಿನ ಸಡಿಲ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಕಾರ್ಡಿನಲ್ಲಿರುವುದಕ್ಕೂ ಇದಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರಿಪಡಿಸಿಯೇ ಮುಂದುವರಿಯಿರಿ.

ಹೊಸ ಕ್ಯಾಮಿಗೆ ಹೊಸ ಲಿಫ್ಟರ್‌ಗಳೇ ಆಗಬೇಕು, ಹಳೆಯ ಕ್ಯಾಮಿನೊಂದಿಗೆ ಬಳಸಿದವನ್ನು ಮತ್ತೆ ಹಾಕುವುದಾದರೆ ಅವು ಮೊದಲಿದ್ದ ಲೋಬಿನ ಮೇಲೆಯೇ ಕೂರಬೇಕು. ಲೋಬುಗಳಿಗೂ ಲಿಫ್ಟರಿನ ತಳಕ್ಕೂ ಕ್ಯಾಮ್ ಲೇಪನ ಹಚ್ಚಿ, ಸತು ಮತ್ತು ರಂಜಕ ಹೆಚ್ಚಿರುವ ಎಣ್ಣೆ ತುಂಬಿ, ಎಂಜಿನ್ ಚಾಲೂ ಮಾಡುವ ಮೊದಲೇ ಎಣ್ಣೆಯ ಒತ್ತಡ ಬರುವಂತೆ ಪಂಪನ್ನು ತಿರುಗಿಸಿಕೊಳ್ಳಿ. ಟೈಮಿಂಗ್ ಸರಿಯಿದ್ದು, ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲ್ ತುಂಬಿದ್ದು, ಮೊದಲ ಯತ್ನದಲ್ಲೇ ಎಂಜಿನ್ ಹಿಡಿಯುವಂತಿರಬೇಕು; ದೀರ್ಘಕಾಲ ಸ್ಟಾರ್ಟರ್ ಎಳೆದಷ್ಟೂ ಲೇಪನ ಉಜ್ಜಿಹೋಗುತ್ತದೆ. ಹಿಡಿದ ಕೂಡಲೇ 2,000ದಿಂದ 2,500 ಆರ್‌ಪಿಎಂ ನಡುವೆ ಏರಿಳಿಸುತ್ತ 20 ನಿಮಿಷ ಓಡಿಸಿ, ನಿಧಾನ ವೇಗಕ್ಕೆ ಬಿಡಬೇಡಿ. ಮಧ್ಯೆ ಎಣ್ಣೆ ಸೋರಿದರೆ ಅಥವಾ ನೀರು ಕುದಿಯತೊಡಗಿದರೆ ನಿಲ್ಲಿಸಿ, ಸರಿಪಡಿಸಿ, ಉಳಿದ ನಿಮಿಷಗಳನ್ನು ಪೂರೈಸಿ. ಬಳಿಕ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಸಾಲಿಡ್ ಲಿಫ್ಟರ್ ಇದ್ದರೆ ಎಲ್ಲ ಹದಿನಾರು ವಾಲ್ವ್‌ಗಳ ಸಂದನ್ನೂ ಕಾರ್ಡಿನ ಅಳತೆಗೆ ಮತ್ತೊಮ್ಮೆ ಹೊಂದಿಸಿ. ಯಾವುದಾದರೂ ಒಂದು ವಾಲ್ವಿನ ಸಂದು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಲೋಬ್ ಸವೆಯತೊಡಗಿದೆ ಎಂದರ್ಥ. ಎಂಜಿನ್ನನ್ನು ಮತ್ತೆ ಓಡಿಸದೆ ಲಿಫ್ಟರ್ ಹೊರತೆಗೆದು ಅದರ ತಳವನ್ನು ನೋಡಬೇಕು.