ಜ್ವರ ಬಿಟ್ಟವರನ್ನು ಮತ್ತೆ ಒಪಿಡಿಗೆ ಬರುವಂತೆ ಮಾಡಿದ್ದು

"ಡೆಂಗಿ ಪಾಸಿಟಿವ್ ಬಂದವರನ್ನೂ ಮನೆಗೆ ಕಳಿಸ್ತೀಯಲ್ಲೋ, ಕೇಸ್ ಹಾಕಿಸ್ಕೋತೀಯ ನೋಡು" ಅಂತ 2024ರ ಮಳೆಗಾಲದಲ್ಲಿ ನನ್ನ ಜೊತೆ ಡಾಕ್ಟರಿ ಓದಿದ ಬ್ಯಾಚಿನವರು ಹೆದರಿಸಿದ್ದರು. ಈಗ ಅವರೇ ಫೋನ್ ಮಾಡಿ, ಮನೆಗೆ ಕಳಿಸಿಯೂ ರೋಗಿಗಳನ್ನು ಹೇಗೆ ನಿಭಾಯಿಸಿದೆ ಅಂತ ಕೇಳುತ್ತಾರೆ. ಹೇಳುತ್ತೇನೆ, ಪೂರ್ತಿಯಲ್ಲ.

ಹಾಸನ ಜಿಲ್ಲೆಯ ಕಾಫಿ ತೋಟಗಳ ಕಡೆ ನನ್ನ ಕ್ಲಿನಿಕ್. ಎರಡು ಮಂಚ, ನಾಲ್ಕಾರು ಕುರ್ಚಿ. ಆಗ ಸುತ್ತಮುತ್ತಲಿನ ಆಸ್ಪತ್ರೆಗಳಲ್ಲಿ ಎಲ್ಲೂ ಬೆಡ್ ಖಾಲಿ ಇರಲಿಲ್ಲ. ಮಲಗಿದ್ದವರಲ್ಲಿ ಎಷ್ಟೋ ಮಂದಿ ಪ್ಲೇಟ್‌ಲೆಟ್ ಲಕ್ಷದ ಕೆಳಗೆ ಬಂತೆಂದು ಹೆದರಿ ಸೇರಿದವರು, ಇಡ್ಲಿ ತಿಂದು ವಾರ್ಡಿನಲ್ಲಿ ಓಡಾಡಿಕೊಂಡಿದ್ದವರು. ಗರ್ಭಿಣಿಯರು, ಕೂಸುಗಳು, ಸಕ್ಕರೆ ಕಾಯಿಲೆಯವರು, ರಾತ್ರಿ ಗಾಡಿ ಸಿಗದ ಊರಿನವರು, ಇವರನ್ನು ನಾನೂ ಇಟ್ಟುಕೊಳ್ಳದೆ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಉಳಿದವರಿಗೆ ಪ್ಯಾರಾಸಿಟಮಾಲ್, ಒಆರ್‌ಎಸ್, ದಿನಕ್ಕೊಂದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ.

ಕಷ್ಟ ಇದ್ದದ್ದು ಅವರನ್ನು ವಾಪಸ್ ಕರೆಸುವುದರಲ್ಲಿ. ಡೆಂಗಿ ಕೆಡುವುದು ಜ್ವರ ಬಿಟ್ಟ ಮೇಲಿನ ಒಂದೆರಡು ದಿನ. ಜನ ಬರುವುದನ್ನು ನಿಲ್ಲಿಸುವುದೂ ಆಗಲೇ. ಮೊದಲು ಫೋನ್ ಮಾಡಿಸಿದೆ. ಅರ್ಧ ನಂಬರ್ ಮೇಸ್ತ್ರಿಯದ್ದು, ಅವನು ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಆಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ವಿಪರೀತ ಸುಸ್ತು ಅಂತೆಲ್ಲ ಬರೆದ ಕೆಂಪು ಚೀಟಿ ಅಚ್ಚು ಹಾಕಿಸಿದೆ. ಎರಡು ಸಾವಿರದಷ್ಟು ಖರ್ಚು, ಚೀಟಿ ಮಳೆಯಲ್ಲಿ ನೆನೆದು ಹೋಯಿತು. ಎರಡನೇ ಸಿಬಿಸಿ ಪುಕ್ಕಟೆ ಅಂದೆ. ಆಗಂತೂ ಇನ್ನೂ ಕಡಿಮೆ ಬಂದರು!

ಕೊನೆಗೆ ಉಲ್ಟಾ ಮಾಡಿದೆ. ಮೊದಲ ದಿನವೇ ಐನೂರು ರೂಪಾಯಿ, ಅದರಲ್ಲೇ ನಾಲ್ಕು ಸಿಬಿಸಿ. ಕೊಟ್ಟ ದುಡ್ಡು ಬಿಡಲು ಯಾರಿಗೂ ಮನಸ್ಸಿಲ್ಲ, ಬಂದೇ ಬಂದರು. ಮರುಪರೀಕ್ಷೆಯನ್ನು ಸಂಜೆ ಆರರ ಮೇಲೆ ಇಟ್ಟೆ, ಕೂಲಿ ತಪ್ಪಲಿಲ್ಲ. ಪಕ್ಕದ ಲ್ಯಾಬಿನವರನ್ನು ಆ ರೇಟಿಗೆ ಹೇಗೆ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಸರ್ಕಾರ ರ‍್ಯಾಪಿಡ್ ಕಿಟ್‌ಗೆ 250, ಲ್ಯಾಬಿನಲ್ಲಿ ಮಾಡುವ ಎಲೈಸಾ ಟೆಸ್ಟ್ ಒಂದಕ್ಕೆ 300 ಎಂದು ದರ ಕಟ್ಟಿದ ಮೇಲೆ ಡೆಂಗಿ ಟೆಸ್ಟಿನಲ್ಲಿ ಉಳಿಯುವುದು ಅಷ್ಟರಲ್ಲೇ ಇತ್ತು. ಮೊದಲ ತಿಂಗಳು ಹದಿನೈದು ಸಾವಿರದಷ್ಟು ಕೈಬಿಟ್ಟಿರಬೇಕು, ಎರಡನೆಯದರಲ್ಲಿ ಸರಿಹೋಯಿತು.

ಮನೆಯವರು ಕೇಳುವುದು "ಕೌಂಟ್ ಎಷ್ಟು ಸಾರ್?" ನಾನು ನೋಡುವುದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು; ರಕ್ತನಾಳದಿಂದ ನೀರಿನಂಶ ಸೋರಿದರೆ ಅದು ಏರುತ್ತದೆ. 38 ಇದ್ದದ್ದು 46ಕ್ಕೆ ಹೋದರೆ, ಪ್ಲೇಟ್‌ಲೆಟ್ ತೊಂಬತ್ತು ಸಾವಿರ ಇದ್ದರೂ ಆ ರೋಗಿ ಮನೆಗೆ ಹೋಗುವ ಹಾಗಿಲ್ಲ. ಮೂವತ್ತು ಸಾವಿರ ಇದ್ದು, ರಕ್ತಸ್ರಾವವಿಲ್ಲದೆ, ಬಿಪಿ, ಪಿಸಿವಿ ನೆಟ್ಟಗಿದ್ದು, ಆರು ಗಂಟೆಗೊಮ್ಮೆಯಾದರೂ ಮೂತ್ರ ಹೋಗುತ್ತಿದ್ದವರು ನನ್ನ ಕುರ್ಚಿಯಲ್ಲೇ ದಿನ ಕಳೆದು ಗುಣವಾಗಿದ್ದಾರೆ. ಜಿಲ್ಲಾ ಕೇಂದ್ರಕ್ಕೆ ಕಳಿಸಿದ್ದು ಹತ್ತರಲ್ಲಿ ಒಬ್ಬರನ್ನೋ ಏನೋ. ಒಂದು ಜೀವವೂ ಹೋಗಲಿಲ್ಲ, ಅದನ್ನಂತೂ ಎದೆ ತಟ್ಟಿ ಹೇಳುತ್ತೇನೆ.

ನಡುವೆ ಟೂರ್ನಿಕೆ ಟೆಸ್ಟ್ ಮಾಡಿ ನೋಡಿದೆ. ತೋಳಿಗೆ ಬಿಪಿ ಕಫ್ ಕಟ್ಟಿ ಐದು ನಿಮಿಷ ಕಾದು, ಚರ್ಮದಲ್ಲಿ ರಕ್ತದ ಚುಕ್ಕೆ ಎದ್ದಿದೆಯೇ ನೋಡಬೇಕು, ಬಿಸಿಲಲ್ಲಿ ದುಡಿದ ಕಪ್ಪು ಕೈಯಲ್ಲಿ ಚುಕ್ಕೆ ಕಾಣುವುದಿಲ್ಲ. ಬಿಟ್ಟೆ. ಪಪ್ಪಾಯಿ ಎಲೆ ರಸವನ್ನು ಬೇಡ ಅನ್ನಲು ಕಾರಣ ಬೇರೆ: ಕುಡಿದವರು ವಾಂತಿ ಮಾಡುತ್ತಾರೆ, ಅದು ರಸದ್ದೋ ಡೆಂಗಿಯದ್ದೋ ತಿಳಿಯದೆ ನಾನು ಒದ್ದಾಡಬೇಕು. ಡ್ರಿಪ್ ಹಾಕಲೇಬೇಕು ಅಂತ ಹಟ ಹಿಡಿದವರಿಗೆ ಲೀಟರ್ ಬಾಟಲಿಯಲ್ಲಿ ಒಆರ್‌ಎಸ್ ಕಲಸಿ, ಗಂಟೆಗೊಂದು ಗೆರೆ ಎಳೆದು ಕೈಗೆ ಕೊಡುತ್ತಿದ್ದೆ. ಗೆರೆ ನೋಡಿಕೊಂಡು ಕುಡಿದು ಮುಗಿಸುತ್ತಿದ್ದರು.

ಈ ಸಲ ಐನೂರು ಸಾಲದು, ಟೆಸ್ಟಿಗೆ ಬಳಸುವ ರೀಏಜೆಂಟ್ ದ್ರಾವಣ ದುಬಾರಿಯಾಗಿದೆ. ಆರುನೂರು ಮಾಡಿದ್ದೇನೆ, ಇನ್ನೂ ಯಾರೂ ಗೊಣಗಿಲ್ಲ.